ಹದಿನಾಲ್ಕು ಮೀನು, ಒಂದು ನಗೆಮಾತು

ಮೀನುಗಳಿಗೆ ಗ್ರಹಣದ ಸ್ನಾನ ಮಾಡಿಸಿ ಕೊಂದವನು ನಾನೇ.

ಸರಿಯಾಗಿಯೇ ಓದಿದಿರಿ. ಹುಟ್ಟಿದಾರಭ್ಯ ನೀರಿನಿಂದ ಹೊರಗೆ ಬಾರದ ಜೀವಕ್ಕೆ ಮೈಲಿಗೆಯಾಗಿದೆ, ಮೀಯಿಸಬೇಕು ಎಂದು ಹೊಳೆದ ತಲೆ ಈ ಪುಣೆ ಶಹರದಲ್ಲಿ ನನ್ನದೊಂದೇ ಇರಬೇಕು. ಹದಿನಾಲ್ಕು ಮೀನು. ಹದಿಮೂರು ಒಂದೇ ಸಂಜೆಗೆ ಹೊಟ್ಟೆ ಮೇಲಾಗಿ ತೇಲಿದವು.

ಇಷ್ಟೇ ಆಗಿದ್ದರೆ ಬರೆಯುತ್ತಿರಲಿಲ್ಲ. ನನ್ನ ಮೂರ್ಖತನಗಳನ್ನು ನಾನು ಮುಚ್ಚಿಟ್ಟವನೇ ಅಲ್ಲ. ಗಣಪತಿ ಉತ್ಸವದ ನಾಟಕದಲ್ಲಿ ರಾವಣನಾಗಿ ನಿಂತು ಸೀತೆಯನ್ನು "ಅಕ್ಕಾ" ಎಂದು ಕರೆದವನು ನಾನು. ಇಂಟರ್ ಪರೀಕ್ಷೆಗೆ ಒಂದು ದಿನ ತಡವಾಗಿ ಹೋಗಿ, ಖಾಲಿ ಹಾಲಿನಲ್ಲಿ ಅರ್ಧ ತಾಸು ಕುಳಿತು, ಪ್ರಶ್ನೆಪತ್ರಿಕೆ ಕೊಡಿರೆಂದು ಕಸ ಹೊಡೆಯುವವನನ್ನು ಗದರಿಸಿದವನೂ ನಾನೇ. ಇವನ್ನೆಲ್ಲ ಹೇಳಿಹೇಳಿ ಊಟಕ್ಕೆ ಕರೆಯಿಸಿಕೊಂಡಿದ್ದೇನೆ. ಆದರೆ ಮೀನಿನ ಸಂಗತಿಯನ್ನು ಆರು ವರ್ಷ ಯಾರಿಗೂ ಹೇಳಲಿಲ್ಲ. ಏಕೆಂದರೆ ಅದರ ಬೆನ್ನಿಗೆ ನನ್ನದೊಂದು ನಗೆಮಾತು ಇತ್ತು. ಮೀನನ್ನು ಕೊಂದದ್ದು ನೀರು. ಶೀನಪ್ಪನನ್ನು ಮನೆ ಬಿಡಿಸಿದ್ದು ಆ ಮಾತು.

ಇದನ್ನು ಬರೆಯಬೇಡವೆಂದು ನನ್ನ ಸೋದರಮಾವ ಹೇಳಿದ್ದಾರೆ. ಬರೆಯುತ್ತೇನೆ. ಯುದ್ಧದ ದೆಸೆಯಿಂದ ಕಾಗದಕ್ಕೆ ಬರ ಬಂದಿದೆ, ಇಂಥದ್ದಕ್ಕೆಲ್ಲ ಹಾಳೆ ಕೆಡಿಸಬೇಡ ಎಂದೂ ಹೇಳಿದ್ದಾರೆ. ಕೆಡಿಸುತ್ತೇನೆ. ತಮ್ಮ ಹೆಸರು ಹಾಕಬೇಡ ಎಂದು ಮಾತ್ರ ಅವರು ಕೈ ಹಿಡಿದು ಕೇಳಿದರು. ಹಾಗಾಗಿ ಇಲ್ಲಿ ಅವರು ಬರೀ ಮಾಮಾ. ನನ್ನ ಹೆಸರು ವೆಂಕಟೇಶ. ಮನೆಯಲ್ಲಿ ವೆಂಕ್ಯಾ. ಅದನ್ನು ಎಷ್ಟು ದೊಡ್ಡ ಅಕ್ಷರದಲ್ಲಿ ಬೇಕಾದರೂ ಅಚ್ಚು ಹಾಕಿಕೊಳ್ಳಿ.

ಗದಗಿನಿಂದ ಕಾಲೇಜು ಓದಲು ಬಂದ ನಾನು ಸದಾಶಿವ ಪೇಠೆಯ ಒಂದು ವಾಡೆಯಲ್ಲಿ ಮಾಮಾನ ಮನೆಯಲ್ಲಿದ್ದೆ. ಮೂರು ಕಡೆ ಮನೆಗಳು, ನಡುವೆ ಅಂಗಳ, ಅಂಗಳದಲ್ಲಿ ಬಾವಿ, ಮೇಲೆ ಕಟ್ಟಿಗೆಯ ಗ್ಯಾಲರಿ. ಅರ್ಧ ಮಂದಿ ನಮ್ಮ ಧಾರವಾಡ ಕಡೆಯವರು, ಅರ್ಧ ಮಂದಿ ಮರಾಠಿಯವರು. ಮನೆಯೊಡತಿ ಮರಾಠಿ ಮುದುಕಿ. ಅವಳನ್ನು ಎಲ್ಲರೂ ಕಾಕು ಎನ್ನುತ್ತಿದ್ದರು. ಮಾಮಾನಿಗೆ ಕಾಲುವೆ ಕಚೇರಿಯಲ್ಲಿ ನಕಾಶೆ ಬರೆಯುವ ಕೆಲಸ. ಮಕ್ಕಳಿರಲಿಲ್ಲ. ಮಾತೂ ಕಡಿಮೆ. ಒಮ್ಮೆ ದಂಡಿನ ಕ್ಯಾಂಪಿನಲ್ಲಿ ತಮ್ಮ ಸಾಹೇಬರ ಬಂಗಲೆಗೆ ನಕಾಶೆ ಕೊಡಲು ಹೋದವರು ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಮೀನು ಸಾಕಿದ್ದನ್ನು ನೋಡಿ ಬಂದರು. ಎಂಟು ದಿನ ಊಟ ಸೇರಲಿಲ್ಲ. ಆಮೇಲೆ ತಾವೇ ಅಳತೆ ಬರೆದು, ಬೋಹರಿ ಆಳಿ ಎಂಬ ಅಂಗಡಿ ಓಣಿಯಿಂದ ಕಬ್ಬಿಣದ ಪಟ್ಟಿ, ಗಾಜು, ಗಾಜು ಕೂಡಿಸುವ ಲಾಂಬ ತಂದು, ಒಂದು ಪೆಟ್ಟಿಗೆ ಮಾಡಿಸಿದರು. ಮೊದಲ ಸಲ ನೀರು ತುಂಬಿದಾಗ ಅದು ನಾಲ್ಕೂ ಮೂಲೆಯಿಂದ ಸೋರಿ, ಕೆಳಗಿನ ಮನೆಯವರ ಹಾಸಿಗೆ ತೋಯ್ದು — ಆ ಕಥೆ ಬೇರೆ.

ಮೀನು ತಂದುಕೊಟ್ಟವನು ಶೀನಪ್ಪ.

ಶೀನಪ್ಪ ಕರಾವಳಿಯವನು. ಅಪ್ಪ ಊರಿನ ಹೊಳೆಯಲ್ಲಿ ಬಲೆ ಬೀಸುತ್ತಿದ್ದವರು. ಇವನು ಇಲ್ಲಿ ಒಂದು ಹೋಟೆಲಿನಲ್ಲಿ ದೋಸೆ ಹಂಚಿನ ಮುಂದೆ ನಿಲ್ಲುತ್ತಿದ್ದ. ನಮ್ಮ ವಾಡೆಯ ಮೆಟ್ಟಿಲ ಕೆಳಗಿನ ಕೋಣೆಯನ್ನು ಕಾಕು ಅವನಿಗೆ ಒಂದೇ ಷರತ್ತಿನ ಮೇಲೆ ಕೊಟ್ಟಿದ್ದಳು. ಈ ವಾಡೆಯೊಳಗೆ ಮೀನು ಬೇಯಬಾರದು. ಎರಡು ವರ್ಷ ಬೇಯಲಿಲ್ಲ. ಆಸೆಯಾದ ದಿನ ಸ್ಟೇಷನ್ನಿನ ಹತ್ತಿರ ಹೋಗಿ ತಿಂದು, ಅಲ್ಲೇ ಬಾಯಿ ತೊಳೆದು, ಎರಡು ಲವಂಗ ಜಗಿದು ಬರುತ್ತಿದ್ದ. ಇಂಥ ನಿಷ್ಠೆಯಿಂದ ನಾನು ಸಂಧ್ಯಾವಂದನೆಯನ್ನೂ ಮಾಡಿದವನಲ್ಲ.

ಅವನೂ ನಾನೂ ಮುಠಾ ನದಿಯಲ್ಲಿ ಮೊಣಕಾಲುದ್ದ ನೀರಿಗಿಳಿದು, ನನ್ನ ಧೋತರವನ್ನೇ ಬಲೆಯಾಗಿ ಹಿಡಿದು, ಹದಿನಾಲ್ಕು ಮೀನು ತಂದೆವು. ಧೋತರ ಬಲೆಯಾದ ಮೇಲೆ ನಾನು ಏನುಟ್ಟುಕೊಂಡು ಮನೆಗೆ ಬಂದೆ ಎಂದು ಕೇಳಬೇಡಿ. ಕಿರುಬೆರಳಿನಷ್ಟು ಮೀನು. ಬೆಳ್ಳಿಯ ಮೈ, ಪಕ್ಕೆಗೆ ನೀಲಿ ಗೆರೆ. ಒಂದಕ್ಕೊಂದು ಕಚ್ಚುವುದಿಲ್ಲ, ಜಗಳವಿಲ್ಲ. ಹದಿನಾಲ್ಕೂ ಒಟ್ಟಿಗೆ ಈಜುತ್ತವೆ, ಒಟ್ಟಿಗೆ ತಿರುಗುತ್ತವೆ, ಯಾರೋ "ದಾಹಿನೇ ಮೂಡ್", ಬಲಕ್ಕೆ ತಿರುಗು, ಎಂದು ಕೂಗಿದ ಹಾಗೆ. ಕ್ಯಾಂಪಿನ ಸಿಪಾಯಿಗಳ ಕವಾಯತು ನೋಡಿದ್ದ ಮಾಮಾ ಅವಕ್ಕೆ 'ಪಲ್ಟಣ' ಎಂದು ಹೆಸರಿಟ್ಟರು.

ಮಾಮಾ ಕಚೇರಿಯಿಂದ ಬಂದವರು ಮೊದಲು ಪಲ್ಟಣದ ಮುಂದೆ ಕೂಡುತ್ತಿದ್ದರು. ಚಹಾ ಆರುತ್ತಿತ್ತು. ಶೀನಪ್ಪ ಮಧ್ಯಾಹ್ನದ ಗದ್ದಲ ಮುಗಿಸಿ ಮೂರು ಗಂಟೆಗೆ ಮೇಲೆ ಬರುತ್ತಿದ್ದ. ಮಾಮಿ ಅವನನ್ನು ಪಡಸಾಲೆಯ ಹೊಸ್ತಿಲು ದಾಟಗೊಡುತ್ತಿದ್ದುದೇ ಆ ಪೆಟ್ಟಿಗೆಯ ದೆಸೆಯಿಂದ. ಅವನು ನಮಗೆ ಕಲಿಸಿದ. ಒಮ್ಮೆಗೇ ಎಲ್ಲ ನೀರು ಬದಲಿಸಬಾರದು, ಕಾಲು ಪಾಲು ಮಾತ್ರ. ನಳದ ನೀರು ಬೇಡ, ಬಾವಿಯದೇ ಆಗಬೇಕು. ಅದೂ ಒಂದು ದಿನ ಮಣ್ಣಿನ ಗಡಿಗೆಯಲ್ಲಿ ನಿಂತಿರಬೇಕು. ಆರಕ್ಕಿಂತ ಕಡಿಮೆ ಮೀನು ಇಡಬಾರದು. "ಈ ಜಾತಿಯದ್ದು ಒಂಟಿ ಆದರೆ ತಿನ್ನುವುದಿಲ್ಲ ಮಾರಾಯ," ಎನ್ನುತ್ತಿದ್ದ.

ಮಾಮಿ ಮೀನನ್ನು ಮತ್ಸ್ಯಾವತಾರವೆಂದು ಒಪ್ಪಿಕೊಂಡಿದ್ದಳು. ಅವತಾರವಾದ ಮೇಲೆ ಆಚಾರವೂ ಬೇಕಲ್ಲ? ಏಕಾದಶಿಯ ದಿನ ಅವಕ್ಕೆ ಹಿಟ್ಟಿನ ಉಂಡೆ ಹಾಕಗೊಡುತ್ತಿರಲಿಲ್ಲ. ಅಂದು ಶೀನಪ್ಪ ಅಂಗೈಯಲ್ಲಿ ನೀರಹುಳು ಮುಚ್ಚಿಕೊಂಡು ಬಂದು, ಯಾರೂ ನೋಡದಾಗ ಪೆಟ್ಟಿಗೆಗೆ ಬಿಡುತ್ತಿದ್ದ. ಏಕಾದಶಿಯಂದು ನಮ್ಮ ಮನೆಯಲ್ಲಿ ಹೊಟ್ಟೆ ತುಂಬ ಉಂಡವರು ಆ ಹದಿನಾಲ್ಕು ಜನ ಮಾತ್ರ.

ಇನ್ನು ಗ್ರಹಣದ ದಿನ.

ಬೆಳಗಿನ ಸೂರ್ಯಗ್ರಹಣ. ಮಾಮಾ ಕಾಲುವೆ ತಿರುಗಾಟಕ್ಕೆ ಬಾರಾಮತಿಯ ಕಡೆ ಹೋಗಿದ್ದರು, ಮರುದಿನ ಬರುವವರು. "ಪಲ್ಟಣ ನಿನ್ನ ಕೈಯಾಗ ಅದ, ವೆಂಕ್ಯಾ" ಎಂದು ಹೇಳಿ ಹೋಗಿದ್ದರು. ಅವರು ನನ್ನನ್ನು ನಂಬಿ ಒಪ್ಪಿಸಿದ ಮೊದಲ ವಸ್ತು ಅದು. ಕೊನೆಯದೂ ಅದೇ.

ಗ್ರಹಣ ಬಿಟ್ಟಿತು. ಎಲ್ಲರ ಸ್ನಾನವಾಯಿತು. ಮನೆಯಲ್ಲಿದ್ದ ನೀರನ್ನೆಲ್ಲ ಚೆಲ್ಲಿ, ಪಾತ್ರೆ ತಿಕ್ಕಿ, ಹೊಸ ನೀರು ತುಂಬುವ ಗಡಿಬಿಡಿ. ತಾಂಬಟ ಆಳಿಯಲ್ಲಿ ಬಡಿಸಿ ತಂದಿದ್ದ ತಾಮ್ರದ ಹಂಡೆ ನನ್ನ ಪಾಲಿಗೆ ಬಂತು.

"ಹುಣಸಿಹಣ್ಣು ಹಚ್ಚಿ ಲಕಲಕ ಅನ್ನೋಹಂಗ ತಿಕ್ಕು. ನಿನ್ನ ಮಾರಿ ಕಾಣಬೇಕು ಅದರಾಗ," ಎಂದಳು ಮಾಮಿ.

"ನನ್ನ ಮಾರಿ ಕಂಡ್ರ ಹಂಡೇಕ್ಕ ಮತ್ತ ಗ್ರಹಣ ಹಿಡೀತದಲ್ರಿ, ಮಾಮಿ."

"ಬಾಯಿ ಸಾಕು, ಕೈ ನಡೀಲಿ."

ಕೈ ನಡೆಯಿತು. ತಿಕ್ಕಿದ್ದು ಚೆನ್ನಾಗಿಯೇ ತಿಕ್ಕಿದೆ. ತೊಳೆದದ್ದು ಒಂದೇ ಸಲ — ಅದೂ ಹೊರಮೈ. ಒಳಗೆ ಕೈ ಹಾಕಿ ಹುಳಿಯನ್ನೆಲ್ಲ ತೆಗೆಯುವಷ್ಟು ವ್ಯವಧಾನ ಯಾರಿಗಿದೆ? ನೀರು ತುಂಬಿಸಿದೆ. ಮಾಮಿ ದರ್ಭೆ ಹಾಕಿ, ಇದು ಮಡಿನೀರು, ಮುಟ್ಟಬೇಡ ಎಂದಳು. ಹಾಗೇ ಪಡಸಾಲೆ ದಾಟುವಾಗ ಗಾಜಿನ ಪೆಟ್ಟಿಗೆಯನ್ನು ನೋಡಿ ನಿಂತಳು.

"ಅಲ್ಲೋ, ಈ ಪೆಟಿಗ್ಯಾಗಿನ ನೀರೂ ಗ್ರಹಣದ್ದ ಅಲ್ಲೇನು?"

"ಹೌದ್ರಿ."

"ಇರ್ಲಿ. ನಿಮ್ಮ ಮಾಮಾ ಬರ್ಲಿ, ಕೇಳೂಣು."

ಕೇಳೋಣ ಎಂದಿದ್ದಳು. ಇದನ್ನು ಗಟ್ಟಿಯಾಗಿ ಬರೆಯುತ್ತೇನೆ, ಏಕೆಂದರೆ ನಾಳೆ ಯಾರಾದರೂ "ಮಾಮಿಯ ಮಡಿಯಿಂದ ಮೀನು ಸತ್ತವು" ಎಂದರೆ ನಾನು ಸುಮ್ಮನಿರುವವನಲ್ಲ. ಅವಳು ಕೇಳೋಣ ಎಂದಳು. ಕೇಳದವನು ನಾನು.

ಮಾಮಿ ಜಪಕ್ಕೆ ಕುಳಿತಳು. ನನಗೆ ಕೈ ಕಡಿಯುತ್ತಿತ್ತು. ಪಲ್ಟಣಕ್ಕೂ ಗ್ರಹಣದ ಸ್ನಾನ — ಸಂಜೆ ಗ್ಯಾಲರಿಯಲ್ಲಿ ಹೇಳಲು ಎಷ್ಟು ಚೆನ್ನಾದ ಸುದ್ದಿ! ಸಂಕಲ್ಪ ಹೇಳಿದೆ. ಮೀನುಗಳ ಗೋತ್ರ ಗೊತ್ತಿಲ್ಲದೆ ನನ್ನದೇ ಕೊಟ್ಟೆ. ಪೆಟ್ಟಿಗೆಯ ನೀರೆಲ್ಲ ತೋಡಿ ಅಂಗಳಕ್ಕೆ ಚೆಲ್ಲಿದೆ. ಕಾಲು ಪಾಲಲ್ಲ, ಪೂರ್ತಿ. ಬಾವಿಗೆ ಹೋಗುವುದು ಯಾರು? ಮನೆಯಲ್ಲಿರುವ ನೀರಿನಲ್ಲೆಲ್ಲ ಶ್ರೇಷ್ಠವಾದದ್ದು ಕೈಯಳತೆಯಲ್ಲೇ ಇದೆ. ತಾಮ್ರದ ನೀರು ಮನುಷ್ಯನಿಗೇ ಆರೋಗ್ಯವಾದರೆ ಮೀನಿಗೆ ಎಷ್ಟು ಆರೋಗ್ಯ! ಮಡಿಯಿಲ್ಲದ ಕೈಯನ್ನು ಮಾಮಿಯ ಮಡಿನೀರಿಗೆ ಅದ್ದಿ, ಕೊಡದ ಮೇಲೆ ಕೊಡ ತುಂಬಿ, ಪೆಟ್ಟಿಗೆಗೆ ಸುರಿದೆ.

ಶೀನಪ್ಪ ಮೂರು ಗಂಟೆಗೆ ಬಂದ. ಹೊಸ್ತಿಲಲ್ಲೇ ನಿಂತ.

"ಎಂತ ಮಾರಾಯ ಇದು? ಎಲ್ಲ ಮೇಲೆ ಬಂದು ಬಾಯಿ ಬಿಡ್ತಾ ಉಂಟು! ನೀರು ಬದಲು ಮಾಡಿದೆಯಾ?"

"ಸ್ವಲ್ಪ."

"ಯಾವ ನೀರು?"

"ಬಾವೀದು."

ಮೊದಲ ಸುಳ್ಳು. ಇಷ್ಟು ಚಿಕ್ಕದು. ಆಗ ನಿಜ ಹೇಳಿದ್ದರೆ ಮೀನು ಉಳಿಯುತ್ತಿದ್ದವೋ ಏನೋ. ಅವನು ಹೇಳಿಕೊಟ್ಟದ್ದನ್ನೆಲ್ಲ ಒಂದೇ ದಿನ ಮುರಿದಿದ್ದೆ, ಅವನ ಮುಂದೆ ದಡ್ಡನಾಗಲು ಮನಸ್ಸಾಗಲಿಲ್ಲ. ಇಡೀ ವಾಡೆಯ ಮುಂದೆ ದಿನಾ ದಡ್ಡನಾಗಿ ನಗಿಸುವವನಿಗೆ, ಒಬ್ಬನ ಮುಂದೆ ನಿಜವಾಗಿ ದಡ್ಡನಾಗಲು —

ಅವನು ಇನ್ನೊಂದು ಮಾತು ಕೇಳಲಿಲ್ಲ. ಬಾವಿಯ ನೀರೇ ಆದರೆ ಗಾಳಿ ಸಾಲದು, ಹಸಿರು ಬೇಕು ಎಂದು ನದಿಗೆ ಓಡಿದ. ಅರ್ಧ ತಾಸಿಗೆ ಒಂದು ಹಿಡಿ ನೀರಹುಲ್ಲು ತಂದು, ತೋಳು ಮೇಲೇರಿಸಿ, ಪೆಟ್ಟಿಗೆಯೊಳಗೆ ಕೈ ಹಾಕಿ ಊರಿದ. ಗ್ಯಾಲರಿಯಲ್ಲಿದ್ದವರೆಲ್ಲ ನೋಡಿದರು. ಹೋಟೆಲಿಗೆ ತಡವಾಗಿತ್ತು, ಓಡಿದ. ದೀಪ ಹಚ್ಚುವ ಹೊತ್ತಿಗೆ ಹದಿಮೂರು ತೇಲುತ್ತಿದ್ದವು.

ಮರುದಿನ ಬೆಳಿಗ್ಗೆ ಮಾಮಾ ಬಂದರು. ಕೈಚೀಲ ಕೆಳಗಿಡಲಿಲ್ಲ. ಅದನ್ನು ಹಿಡಿದುಕೊಂಡೇ ಪೆಟ್ಟಿಗೆಯ ಮುಂದೆ ನಿಂತರು. ಸುದ್ದಿ ತಿಳಿದು ವಾಡೆಯವರೆಲ್ಲ ನಮ್ಮ ಬಾಗಿಲಿಗೆ ಬಂದಿದ್ದರು. ಕಾಕುವೂ ಬಂದಿದ್ದಳು.

"ಯಾರು ಕೈ ಹಾಕಿದ್ರು ಇದರಾಗ?" ಮಾಮಾ ಕೇಳಿದರು. ಗಟ್ಟಿಯಾಗಿ ಅಲ್ಲ. ಅವರು ಗಟ್ಟಿಯಾಗಿ ಕೇಳಿದ್ದರೆ ನಾನು ಹೇಳಿಬಿಡುತ್ತಿದ್ದೆನೋ ಏನೋ — ಇಲ್ಲ, ಇದು ನೆಪ. ಅಳಿಸಿಬಿಡಿ.

ಮಾಮಿ ನನ್ನ ಕಡೆ ನೋಡಿದಳು. ನಿಜ ಹೇಳಿದರೆ ಮೀನಿನ ಜೊತೆಗೆ ಮಡಿನೀರೂ ಹೊರಬೀಳುತ್ತದೆ. ಹಿಂದಿನ ರಾತ್ರಿ ಮನೆಮಂದಿಯೆಲ್ಲ ನಾನು ಕೈ ಅದ್ದಿದ ನೀರಿನ ಅನ್ನವನ್ನೇ ಉಂಡಿದ್ದೆವು. ಇನ್ನೊಂದು ಕಿತಾಪತಿ ಮಾಡಿದರೆ ಗದಗಿನ ಗಾಡಿ ಹತ್ತಿಸುತ್ತೇನೆಂದು ಮಾಮಾ ಹಿಂದಿನ ತಿಂಗಳೇ ಹೇಳಿದ್ದರು. ಹೆದರಿದಾಗ ಕೆಲವರಿಗೆ ಬೆವರು ಬರುತ್ತದೆ, ಕೆಲವರಿಗೆ ಅಳು ಬರುತ್ತದೆ. ನನಗೆ ಜೋಕು ಬರುತ್ತದೆ.

"ನಿನ್ನೆ ಶೀನಪ್ಪ ಕೈ ಹಾಕಿದ್ದ ನೋಡ್ರಿ, ಮಾಮಾ. ಕೈಗೆ ಮೀನಿನ ಮಸಾಲಿ ವಾಸನಿ ಇತ್ತೋ ಏನೋ — ಪಾಪ, ತಮ್ಮ ಮುಂದಿನ ಮುಕ್ಕಾಮ ಯಾವುದಂತ ಪಲ್ಟಣಕ್ಕ ತಿಳೀತು. ಹೆದರಿ ಜೀವಾ ಬಿಟ್ವು."

ನಕ್ಕರು. ಸತ್ತ ಮೀನಿನ ಮುಂದೆ ನಿಂತು ನಕ್ಕರು. ಎಷ್ಟು ಮಂದಿ ನಕ್ಕರೆಂದು ಎಣಿಸುವುದು ನನ್ನ ಹಳೆಯ ಚಟ. ಹತ್ತು ಮಂದಿ. ಕಾಕು ನಗಲಿಲ್ಲ, ಅವಳಿಗೆ ಕನ್ನಡ ಬಾರದು. ಒಂದು ನಗೆ ವ್ಯರ್ಥವಾಗಬಾರದೆಂದು ನಾನು — ಇದನ್ನು ಬರೆಯುವಾಗ ಕೈ ನಿಲ್ಲುತ್ತದೆ, ನಿಲ್ಲಗೊಡುವುದಿಲ್ಲ — ಅದೇ ಮಾತನ್ನು ಮರಾಠಿಗೆ ತಿರುಗಿಸಿ, ಸ್ವಲ್ಪ ಉಪ್ಪುಖಾರ ಹಚ್ಚಿ, ಶೀನಪ್ಪ ಬೆರಳು ನೆಕ್ಕುವ ಅಭಿನಯ ಕೂಡಿಸಿ, ಕಾಕುವಿಗಾಗಿ ಎರಡನೇ ಸಲ ಹೇಳಿದೆ. ಕಾಕು ನಕ್ಕಳು. ಹನ್ನೊಂದು.

ನಕ್ಕು ಮುಗಿದ ಮೇಲೆ ಕಾಕುವಿನ ಮುಖ ಗಂಭೀರವಾಯಿತು. ಮೀನಿನ ಮಸಾಲೆ? ಅಂದರೆ ಕೆಳಗಿನ ಕೋಣೆಯಲ್ಲಿ ಬೇಯುತ್ತಿದೆಯೇ? ಇನ್ನೊಬ್ಬರು, ಮೊನ್ನೆ ನನಗೂ ವಾಸನೆ ಬಂದ ಹಾಗಿತ್ತು ಎಂದರು. ಮತ್ತೊಬ್ಬರಿಗೆ ಹೋದ ತಿಂಗಳೇ ಬಂದಿತ್ತಂತೆ. ಎರಡು ವರ್ಷ ಯಾರ ಮೂಗಿಗೂ ಬಾರದ ವಾಸನೆ ಒಂದು ನಿಮಿಷದಲ್ಲಿ ಇಡೀ ವಾಡೆಯನ್ನು ತುಂಬಿತು.

ಜೋಕು ಹೇಳಿದ್ದು ನಾನು. ನಂಬಿದ್ದು ಅವರು. ನನ್ನ ಪಾಲನ್ನು ನಾನು ಪೂರ್ತಿ ಹೊರುತ್ತೇನೆ, ಒಂದು ಗುಂಜಿಯನ್ನೂ ಇಳಿಸುವುದಿಲ್ಲ. ಆದರೆ ಅವರ ಪಾಲನ್ನು ಅವರೂ ಹೊರಲಿ. ರಾವಣನಾಗಿ ಸೀತೆಯನ್ನು ಅಕ್ಕಾ ಎಂದವನ ಮಾತನ್ನು ಆ ವಾಡೆಯಲ್ಲಿ ಯಾರೂ ಎಂದೂ ನಂಬಿದವರಲ್ಲ. ಅದೊಂದನ್ನು ಮಾತ್ರ ಹೇಗೆ ನಂಬಿದರು? ನಂಬಲು ಮೊದಲೇ ಸಿದ್ಧರಾಗಿ ನಿಂತಿದ್ದರು ಎಂದೇ ಅಲ್ಲವೇ?

ಅಂದೂ ಮೂರು ಗಂಟೆಗೆ ಶೀನಪ್ಪ ಮೆಟ್ಟಿಲು ಹತ್ತಿ ಬಂದ. ಮಾಮಾ ಹೊಸ್ತಿಲಿಗೆ ಅಡ್ಡ ನಿಂತರು.

"ಶೀನಪ್ಪ, ಇನ್ನ ಮ್ಯಾಲೆ ಬರಬ್ಯಾಡ್ರಿ."

ಮಾಮಾ ಅವನನ್ನು ಎಂದೂ ರೀ ಹಚ್ಚಿ ಮಾತಾಡಿಸಿದವರಲ್ಲ. ಬಾ, ಕೂಡು, ನೋಡು ಎನ್ನುತ್ತಿದ್ದರು. ಅಂದು ರೀ ಹಚ್ಚಿದರು. ಬಾಗಿಲು ಹಾಕುವುದರಲ್ಲಿ ಅದೂ ಒಂದು ಬಗೆ.

"ಹುಲ್ಲು ಹಾಕಿದ್ದು ನಾನು, ಹೌದು ರಾಯರೇ. ಆದರೆ ಕೈಯಲ್ಲಿ ಎಂತದ್ದೂ ಇರಲಿಲ್ಲ," ಎಂದ ಶೀನಪ್ಪ. ಅಂಗೈ ಬಿಡಿಸಿ ತೋರಿಸಿದ. ಆಮೇಲೆ ನನ್ನ ಕಡೆ ನೋಡಿದ. ನಾನು ಜಂತಿಯ ಕಡೆ ನೋಡಿದೆ. ನಮ್ಮ ಪಡಸಾಲೆಗೆ ಒಂಬತ್ತು ಜಂತಿ.

ಸಂಜೆಗೆ ಕಾಕು ಅವನ ಕೋಣೆಯ ಮುಂದೆ ನಿಂತು, "ಮಗ ಖೋಲೀ ಕಧೀ ರಿಕಾಮೀ ಕರತೋಸ?" ಎಂದು ಕೇಳಿದಳು. ಕೋಣೆ ಎಂದು ಖಾಲಿ ಮಾಡುತ್ತೀ ಎಂದು ಕೇಳಿದಳೇ ಹೊರತು, ಮಾಡುತ್ತೀಯಾ ಎಂದು ಕೇಳಲಿಲ್ಲ. ಎಂಟು ದಿನದೊಳಗೆ ಒಂದು ಟ್ರಂಕು, ಒಂದು ಚಾಪೆ ಹೊತ್ತು ಹೋದ. ನಾನು ಕಾಲೇಜಿಗೆ ಹೋಗಿದ್ದೆ. ಅಂದು ಕಾಲೇಜಿಗೆ ರಜೆ ಇತ್ತು.

ಉಳಿದ ಒಂದು ಮೀನು ಏನಾಯಿತೆಂದು ಹೇಳಲೇಬೇಕು. ಮಾಮಾ ನೀರು ಬದಲಿಸಿ ಅದನ್ನು ಉಳಿಸಿಕೊಂಡರು. ಮೊದಲು ಎರಡು ದಿನ ಕಲ್ಲಿನ ಹಿಂದೆ ಅಡಗಿ ಕುಳಿತಿತ್ತು. ಆಮೇಲೆ ಗಾಜಿನ ಹತ್ತಿರ ಬಂದು ತನ್ನದೇ ಬಿಂಬದ ಪಕ್ಕದಲ್ಲಿ ಈಜತೊಡಗಿತು. ಬಿಂಬ ತಿರುಗಿದರೆ ಇದೂ ತಿರುಗುತ್ತಿತ್ತು. ಹಿಟ್ಟು ಮುಟ್ಟಲಿಲ್ಲ. ನಾಲ್ಕನೆಯ ದಿನ ಮಾಮಾ, "ನದಿಗೆ ಬಿಟ್ಟು ಬಾ" ಎಂದರು. ಬಿಟ್ಟು ಬಂದೆ. ಆಮೇಲೆ ಅವರು ಮೀನು ಸಾಕಲಿಲ್ಲ.

ಆರು ವರ್ಷವಾಯಿತು. ನಾನು ಬಿ.ಎ. ಆದೆ — ಎರಡನೇ ಪ್ರಯತ್ನಕ್ಕೆ, ಸರಿಯಾದ ದಿನವೇ ಪರೀಕ್ಷೆಯ ಹಾಲಿಗೆ ಹೋಗಿ. ಮೊನ್ನೆ ಗೆಳೆಯನೊಬ್ಬನ ಮದುವೆಗೆಂದು ಸರ್ವಿಸ್ ಮೋಟಾರಿನಲ್ಲಿ ಪುಣೆಯ ಹತ್ತಿರದ ಭೋರ್ ಊರಿಗೆ ಹೋದೆ. ಪೇಟೆಯಲ್ಲಿ ಚಹಾಕ್ಕೆಂದು ಒಂದು ಸಣ್ಣ ಹೋಟೆಲು ಹೊಕ್ಕರೆ ಒಲೆಯ ಮುಂದೆ ಶೀನಪ್ಪ. ಅವನದೇ ಹೋಟೆಲು. ಕೂದಲು ಹಿಂದೆ ಸರಿದಿತ್ತು. ನನ್ನನ್ನು ಕಂಡು ಅವನು ಸೌಟು ಎಸೆಯಬೇಕಿತ್ತು.

"ಓಹ್, ವೆಂಕಟ! ಕೂತುಕೋ ಮಾರಾಯ!" ಎಂದ. ಸಕ್ಕರೆ ರೇಷನ್ ಆಗಿದೆ ಎಂದು ಬೆಲ್ಲದ ಚಹಾ ಕೊಟ್ಟ. "ರಾಯರು ಹೇಗಿದ್ದಾರೆ? ಆಮೇಲೆ ಮೀನು ಸಾಕಿದರಾ?"

"ಇಲ್ಲ. ನೀ?"

"ಇಲ್ಲಿ ನೀರಾ ನದಿಯಲ್ಲಿ ಅದೇ ಜಾತಿ ಉಂಟು. ಬೇಕಾದಷ್ಟು ಉಂಟು. ಕೈ ಹಾಕುವುದಕ್ಕೆ ಧೈರ್ಯ ಬರುವುದಿಲ್ಲ." ಒಲೆಯ ಬೂದಿ ಕೆದಕುತ್ತ ಹೇಳಿದ. "ಆ ಹುಲ್ಲು, ವೆಂಕಟ. ನಾನು ತಂದದ್ದು ಅಗಸರ ಘಾಟಿನ ಕೆಳಗಿನಿಂದ. ಸಾಬೂನು ಹರಿಯುವ ಜಾಗ. ಮೇಲಿನವರೆಗೆ ಹೋಗುವುದಕ್ಕೆ ಹೊತ್ತಿರಲಿಲ್ಲ. ನನ್ನಂಥವನಿಗೆ ಅಷ್ಟು ಗೊತ್ತಾಗಬೇಕಿತ್ತು. ಅಪ್ಪ ಕೇಳಿದ್ದರೆ ಹೊಡೆಯುತ್ತಿದ್ದರು. ರಾಯರಿಗೆ ಹೇಳು, ಮಸಾಲೆ ಸುಳ್ಳು, ಆದರೆ ಹುಲ್ಲು ನನ್ನ ತಪ್ಪು ಅಂತ."

ಆರು ವರ್ಷ. ನಾನು ಒಂದು ಮಾತಿಗೆ ಹೆದರಿ ಹೇಳಿದ ಸುಳ್ಳನ್ನು ವಾಡೆಯವರು ಒಂದು ವಾರದಲ್ಲಿ ಮರೆತಿದ್ದರು. ಇವನು ಅದರೊಳಗಿನಿಂದ ತನ್ನದೇ ಒಂದು ತಪ್ಪನ್ನು ಹುಡುಕಿ ತೆಗೆದು ದಿನಾ ಉಜ್ಜಿ ಉಜ್ಜಿ ಇಟ್ಟುಕೊಂಡಿದ್ದ.

ಆಗಲಾದರೂ ಹೇಳಿದೆನೇ? ಇಲ್ಲ. "ಹೇಳ್ತೀನಿ" ಎಂದೆ. ಇನ್ನೊಂದು ಕಪ್ ಚಹಾ ಕುಡಿದೆ. ಮೋಟಾರು ಹತ್ತಿದೆ. ನನ್ನಷ್ಟು ಕೆಟ್ಟ ಮನುಷ್ಯ ಅಂದು ಆ ಮೋಟಾರಿನಲ್ಲಿ ಇನ್ನೊಬ್ಬನಿರಲಿಲ್ಲ. ಅದರಲ್ಲಿ ಜೇಬುಗಳ್ಳನೊಬ್ಬನೂ ಇದ್ದ, ನನ್ನ ಕರವಸ್ತ್ರವನ್ನು ಹೊಡೆದವನು.

ಕಾತ್ರಜ ಘಾಟು ಇಳಿಯುವಷ್ಟರಲ್ಲಿ ನನಗೆ ಸಿಟ್ಟು ಬಂದಿತ್ತು. ಮೊದಲು ನನ್ನ ಮೇಲೆ, ಆಮೇಲೆ ಎಲ್ಲರ ಮೇಲೆ. ನೆಟ್ಟಗೆ ಮನೆಗೆ ಹೋಗಿ, ಚಪ್ಪಲಿ ಬಿಡುವುದಕ್ಕೆ ಮೊದಲೇ ಮಾಮಾನ ಮುಂದೆ ನಿಂತು ಎಲ್ಲ ಹೇಳಿದೆ. ಆ ಗಾಜಿನ ಪೆಟ್ಟಿಗೆ ಅದೇ ಮೂಲೆಯಲ್ಲಿತ್ತು. ಮಾಮಿ ಅದರಲ್ಲಿ ಸಂಡಿಗೆ ತುಂಬಿಟ್ಟಿದ್ದಾಳೆ.

ಮೊದಲು ಮಾತಾಡಿದವಳು ಮಾಮಿ. "ಅಂದ್ರ ಅವತ್ತ ಆ ನೀರಾಗನ ನಾ ನೈವೇದ್ಯ ಮಾಡಿದ್ನಲ್ಲೋ, ಪಾಪಿ!"

ಮಾಮಾ, "ಆತು ಹೋತು. ನಾಕ್ ಮೀನಿನ ಸಲುವಾಗಿ ಈಗ್ಯಾಕ ಕೆದರ್ತಿ?" ಎಂದರು.

"ಮೀನಿನ ಸಲುವಾಗಿ ಅಲ್ರಿ, ಮಾಮಾ."

"ನೋಡು ವೆಂಕ್ಯಾ, ಹೆಂಗಿದ್ರೂ ಅವಾ ಮೀನಾ ತಿನ್ನಾವ. ಇವತ್ತಲ್ಲ ನಾಳೆ ಕಾಕು ಬಿಡಿಸೇ ಬಿಡ್ತಿದ್ಲು."

"ಅವಾ ತಿಂತಾನ, ಸಾಕ್ತಾನ. ನಾವು ತಿನ್ನಂಗಿಲ್ಲ, ಕೊಲ್ತೀವಿ. ಪೆಟಿಗ್ಯಾಗ ಸತ್ತ ಹದಿಮೂರರೊಳಗ ಅವಾ ತಿಂದಿದ್ದೆಷ್ಟು, ಹೇಳ್ರಿ."

ಮಾಮಾನಿಗೆ ಎದುರುತ್ತರ ಕೊಟ್ಟದ್ದು ಅದೇ ಮೊದಲು. ಅವರು ಎದ್ದು ಪೆಟ್ಟಿಗೆಯ ಹತ್ತಿರ ಹೋಗಿ, ಸಂಡಿಗೆಯ ಮೇಲಿದ್ದ ಗಾಜನ್ನು ಧೋತರದ ತುದಿಯಿಂದ ಒರೆಸಿದರು. ತಮ್ಮ ಹೆಸರು ಬರೆಯಬೇಡ ಎಂದದ್ದು ಆಮೇಲೆ.

ಬೇಡವೆಂದವರು ಅವರೊಬ್ಬರೇ ಅಲ್ಲ. ಮಾಮಿಯ ಬಾಯಿಂದ ಗ್ಯಾಲರಿಯ ನೆರೆಯವರಿಗೆ ತಿಳಿದ ಮೇಲೆ ಅವರೂ ಹೇಳಿದರು. ಹಳೆಯದು, ಬಿಡು, ನಮ್ಮ ಕನ್ನಡಿಗರ ಮನೆಯ ಮಾತು ನಾಕು ಮಂದಿಗೆ ಯಾಕೆ. ಆ ನಾಲ್ಕು ಮಂದಿಯ ಮುಂದೆಯೇ ಶೀನಪ್ಪ ಟ್ರಂಕು ಹೊತ್ತು ಹೋಗಿದ್ದ. ಆಗ ಯಾರೂ ಬಿಡು ಎನ್ನಲಿಲ್ಲ. ನಾನು ಬಿಡುವುದಿಲ್ಲ.

ಮುಂದಿನ ಭಾನುವಾರ ಮತ್ತೆ ಭೋರಿಗೆ ಹೋದೆ. ಮಧ್ಯಾಹ್ನದ ಗಿರಾಕಿಗಳು ಹೋಗಿ ಶೀನಪ್ಪ ಒಬ್ಬನೇ ಇದ್ದ. ಸರಿಯಾಗಿ ಮೂರು ಗಂಟೆ ಎಂದು ಆಮೇಲೆ ಹೊಳೆಯಿತು. ಹೇಳಿದೆ. ಗ್ರಹಣ, ಹಂಡೆ, ಬಾವೀದು ಎಂಬ ಸುಳ್ಳು, ಎಲ್ಲ. ಅವನು ಸೌಟು ಕೆಳಗಿಟ್ಟು ಕೇಳಿದ. ಮುಖ ಓದಲು ಬರಲಿಲ್ಲ.

"ಹುಣಸೆಹುಳಿ ಹಾಕಿ ತಿಕ್ಕಿದ್ದಾ?"

"ಹೌದು."

"ಎಷ್ಟು ಸಲ ತೊಳೆದೆ?"

"ಒಮ್ಮೆ."

ಅವನು ಬಲಗೈಯನ್ನು ಹೆಗಲ ಮೇಲಿನ ವಸ್ತ್ರಕ್ಕೆ ಒರೆಸಿಕೊಂಡು, ಅಂಗೈ ತಿರುಗಿಸಿ ನೋಡಿಕೊಂಡ.

"ತಾಮ್ರಕ್ಕೆ ಹುಳಿ ಸೇರಿದರೆ ವಿಷ. ಹಾಗಾದರೆ ಹುಲ್ಲು ಸರಿ ಇತ್ತು," ಎಂದ. ನನಗಲ್ಲ, ತನಗೇ.

ನನಗೆ ತಡೆಯಲಾಗಲಿಲ್ಲ. ಅಭ್ಯಾಸಬಲ — ನಾಟಕದ ರಾವಣನ ಹಾಗೆ ಧೊಪ್ಪನೆ ಅವನ ಕಾಲಿಗೆ ಬಿದ್ದು, ಈ ಹತ್ತು ತಲೆಯಲ್ಲಿ ಯಾವುದನ್ನು ಬೇಕಾದರೂ ಹೊಡೆ ಎನ್ನಲು ಬಾಯಿ ತೆರೆದೆ.

"ಏಳು," ಎಂದ ಶೀನಪ್ಪ. "ಅಂದು ಎಷ್ಟು ಮಂದಿ ನಕ್ಕರು?"

"ಹನ್ನೊಂದು."

"ನಾನು ಮೆಟ್ಟಿಲ ಕೆಳಗೇ ಇದ್ದೆ. ಎರಡು ಸಲ ಕೇಳಿದೆ. ಮರಾಠಿಯಲ್ಲಿ ಹೇಳಿದ್ದು ಇನ್ನೂ ಚೆನ್ನಾಗಿತ್ತು." ಒಲೆಗೆ ಒಂದು ಸೌದೆ ದೂಡಿದ. "ನನಗೆ ಹೇಳಿದ್ದಾಯಿತು. ಇನ್ನು ಆ ಹನ್ನೊಂದು ಮಂದಿಗೆ ಹೇಳು. ಅದೇ ಬಾಗಿಲಲ್ಲಿ ನಿಂತು, ಎರಡೂ ಭಾಷೆಯಲ್ಲಿ. ಮತ್ತೆ, ವೆಂಕಟ ಮಾರಾಯ, ಒಬ್ಬನನ್ನೂ ನಗಿಸದೆ ಹೇಳಬೇಕು. ನಿನ್ನಿಂದ ಆಗ್ತದಾ ನೋಡುವ."